ಮನೆಗೆ ಬಂದ ಮಿಲ್ಲಿಂಗ್ ಯಂತ್ರ: ಅದರೊಳಗಿನ ಇನ್ನೂರು ವರ್ಷಗಳ ಕೈಕೆಲಸ

ನಮ್ಮ ಜತ್ತ ಭಾಗದಲ್ಲಿ ಮಿಲ್ಲು ಎಂದರೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಜೋಳ ಬೀಸುವ ಹಿಟ್ಟಿನ ಗಿರಣಿ, ಹಿರಿಯರಿಗೆ ಸೊಲ್ಲಾಪುರದ ಬಟ್ಟೆಯ ಗಿರಣಿ. ಆದರೆ ಮಿರಜ, ಕುಪವಾಡದ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು "ಸರ್, ನಾನು ಮಿಲ್ಲಿಂಗ್ ಮೇಲಿದ್ದೇನೆ" ಎಂದರೆ ಅದು ಇವೆರಡೂ ಅಲ್ಲ. ಅದು ಕಬ್ಬಿಣವನ್ನು ಕೊರೆದು ಚಪ್ಪಟೆ ಮಾಡುವ, ಗಾಡಿ ತೋಡುವ, ಹಲ್ಲು ಕಡಿಯುವ ಯಂತ್ರ.

ಲೇಥ್ ಯಂತ್ರವನ್ನು ಬಹಳ ಜನ ನೋಡಿರುತ್ತಾರೆ. ಅದರಲ್ಲಿ ಜಾಬ್ ತಿರುಗುತ್ತದೆ, ಹತ್ಯಾರ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುವುಮುರುವು. ಹಲವು ಹಲ್ಲುಗಳಿರುವ ಕಟರ್ ತಿರುಗುತ್ತದೆ, ಜಾಬ್ ಟೇಬಲ್ಲಿನ ಮೇಲೆ ಗಟ್ಟಿಯಾಗಿ ಕೂತು ಹಿಂದೆ ಮುಂದೆ, ಅಕ್ಕಪಕ್ಕ ಸರಿಯುತ್ತದೆ. ದುಂಡಗಿನ ಕೆಲಸಕ್ಕೆ ಲೇಥ್, ಚಪ್ಪಟೆ ಕೆಲಸಕ್ಕೆ ಮಿಲ್ಲಿಂಗ್ ಎಂದು ಮಕ್ಕಳಿಗೆ ಹೇಳಿದರೆ ಮೊದಲ ಪಾಠಕ್ಕೆ ಸಾಕು.

ಮೊದಲು ಈ ಯಂತ್ರ ದೊಡ್ಡ ಕಾರಖಾನೆಯಲ್ಲಿ ಮಾತ್ರ ಇರುತ್ತಿತ್ತು. 2000ದ ನಂತರ ಚೀನಾದಲ್ಲಿ ತಯಾರಾದ ಪುಟ್ಟ ಯಂತ್ರಗಳು ಎಲ್ಲ ದೇಶಗಳಲ್ಲೂ ಸಿಗತೊಡಗಿದವು. ಇಬ್ಬರು ಎತ್ತಿ ಮೇಜಿನ ಮೇಲೆ ಇಡಬಹುದಾದ ಯಂತ್ರವನ್ನು ಈಗ ಮನೆಯ ಪಡಸಾಲೆಯ ಮೂಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡುವವರಿದ್ದಾರೆ. ಆದರೆ ಪೆಟ್ಟಿಗೆ ಒಡೆದು, ಸ್ವಿಚ್ ಒತ್ತಿದ ಕೂಡಲೇ ಅದು ಸರಿಯಾದ ಕೆಲಸ ಕೊಡುವುದಿಲ್ಲ. ಹೊಸ ಯಂತ್ರ ಎಂದರೆ ಮುಗಿದ ಯಂತ್ರವಲ್ಲ. ಅದನ್ನು ಕೂಡಿಸಬೇಕು, ಅಳೆಯಬೇಕು, ತಿದ್ದಬೇಕು. ಹೀಗೆ ತಿದ್ದುವ ಒಂದೊಂದು ಹೆಜ್ಜೆಯ ಹಿಂದೆಯೂ ಯಾರೋ ಒಬ್ಬ ಕೆಲಸಗಾರನ ಚರಿತ್ರೆ ಇದೆ. ಆ ಚರಿತ್ರೆಯನ್ನು ಯಂತ್ರದ ಜೊತೆಗೇ ನೋಡೋಣ.

ಅರ ಮತ್ತು ಉಳಿಯ ಕಾಲ

ಯಂತ್ರ ಬರುವ ಮೊದಲು ಕಬ್ಬಿಣವನ್ನು ಚಪ್ಪಟೆ ಮಾಡಲು ಇದ್ದದ್ದು ಉಳಿ, ಸುತ್ತಿಗೆ ಮತ್ತು ಅರ. ಒಬ್ಬ ಒಳ್ಳೆಯ ಕೆಲಸಗಾರ ದಿನವಿಡೀ ಅರ ಹಾಕಿ ಉಜ್ಜಿ ಒಂದು ಮುಖವನ್ನು ಸಮ ಮಾಡುತ್ತಿದ್ದ. ಬಂದೂಕಿನ ಬಿಡಿಭಾಗಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬಂದೂಕು ತಯಾರಕರು ಅರದ ಹಲ್ಲುಗಳನ್ನೇ ಒಂದು ಚಕ್ರದ ಮೇಲೆ ಕೂಡಿಸಿ ತಿರುಗಿಸಿದರೆ ಹೇಗೆ ಎಂದು ಯೋಚಿಸಿದರು. ಅದೇ ಮಿಲ್ಲಿಂಗ್ ಕಟರ್. ಬಹಳ ಕಾಲ ಪುಸ್ತಕಗಳಲ್ಲಿ "ಎಲಿ ವಿಟ್ನಿ 1818ರಲ್ಲಿ ಮಿಲ್ಲಿಂಗ್ ಯಂತ್ರ ಕಂಡುಹಿಡಿದ" ಎಂದು ಬರೆಯುತ್ತಿದ್ದರು. ಹತ್ತಿ ಬೀಜ ಬೇರ್ಪಡಿಸುವ ಜಿನ್ ಯಂತ್ರಕ್ಕೆ ಪ್ರಸಿದ್ಧನಾದ ವಿಟ್ನಿ ಇವನೇ. ಆದರೆ 1960ರಲ್ಲಿ ರಾಬರ್ಟ್ ವುಡ್‌ಬರಿ ಎಂಬ ಇತಿಹಾಸಕಾರ ವಿಟ್ನಿಯ ಬಗೆಗಿನ ಕಥೆಗಳನ್ನು ಮೂಲ ದಾಖಲೆಗಳ ಜೊತೆ ಹಿಡಿದು ನೋಡಿದಾಗ ಬಹಳಷ್ಟು ಕಥೆಗೆ ಆಧಾರವೇ ಇರಲಿಲ್ಲ. ಮಿಡಲ್‌ಟೌನ್ ಊರಿನ ಸಿಮಿಯನ್ ನಾರ್ತ್, ರಾಬರ್ಟ್ ಜಾನ್ಸನ್ ಮುಂತಾದವರೂ ಅದೇ ಕಾಲದಲ್ಲಿ ಇಂಥ ಕೆಲಸ ಮಾಡುತ್ತಿದ್ದರು. ಇದು ಒಬ್ಬನ ತಲೆಯಿಂದ ಒಂದೇ ದಿನ ಹುಟ್ಟಿದ ಯಂತ್ರವಲ್ಲ, ಅಕ್ಕಪಕ್ಕದ ಊರುಗಳ ಹಲವು ಕೆಲಸಗಾರರು ಒಬ್ಬರನ್ನೊಬ್ಬರು ನೋಡಿ ತಿದ್ದುತ್ತ ಬಂದದ್ದು. "ಕಂಡುಹಿಡಿದವರು ಯಾರು?" ಎಂಬ ಒಂದು ಅಂಕದ ಪ್ರಶ್ನೆಗೆ ಒಂದೇ ಹೆಸರು ಬರೆಸುವ ನಾವು ಶಿಕ್ಷಕರು ಇದನ್ನು ಗಮನಿಸಬೇಕು.

ಮಲಗುವ ಕೋಣೆಯ ಕಾರಖಾನೆ

ಮನೆಯಲ್ಲೇ ಕಾರಖಾನೆ ಮಾಡಿಕೊಳ್ಳುವುದು ಹೊಸ ಹುಚ್ಚೇನೂ ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1808ರಲ್ಲಿ ಹುಟ್ಟಿದ ಜೇಮ್ಸ್ ನಾಸ್ಮಿತ್ ಎಂಬಾತನ ತಂದೆ ಚಿತ್ರಕಾರ. ಆದರೆ ಆ ತಂದೆಗೆ ಮನೆಯಲ್ಲಿ ಒಂದು ಕೆಲಸದ ಕೋಣೆಯೂ ಇತ್ತು, ಅದರಲ್ಲಿ ಲೇಥ್ ಇತ್ತು. ಹುಡುಗ ಅಲ್ಲಿಯೇ ಕಲಿತ. ತನ್ನ ಮಲಗುವ ಕೋಣೆಯಲ್ಲೇ ಹಿತ್ತಾಳೆ ಕರಗಿಸಿ ಎರಕ ಹೊಯ್ದು ಪುಟ್ಟ ಉಗಿ ಎಂಜಿನ್ನುಗಳನ್ನು ಮಾಡಿದ.

1829ರಲ್ಲಿ ಆತ ತಾನೇ ಮಾಡಿದ ಮಾದರಿ ಎಂಜಿನ್ನು, ತಾನೇ ಬರೆದ ನಕ್ಷೆಗಳನ್ನು ಹಿಡಿದುಕೊಂಡು ಲಂಡನ್ನಿನ ಹೆನ್ರಿ ಮಾಡ್ಸ್ಲೆಯ ಬಳಿಗೆ ಹೋದ. ಮಾಡ್ಸ್ಲೆ ಆ ಕಾಲದ ಯಂತ್ರಗಾರರಿಗೆಲ್ಲ ಗುರು. ಹುಡುಗನ ಕೈಕೆಲಸ ನೋಡಿ ತನ್ನ ಖಾಸಗಿ ಕೋಣೆಯಲ್ಲೇ ಸಹಾಯಕನಾಗಿ ಇಟ್ಟುಕೊಂಡ. ಅಲ್ಲಿ ಒಂದು ಹಡಗಿನ ಎಂಜಿನ್ನಿನ ಚಿಕ್ಕ ಮಾದರಿಗೆ ಆರು ಮೂಲೆಯ ಪುಟ್ಟ ನಟ್ಟುಗಳು ರಾಶಿ ರಾಶಿ ಬೇಕಾದವು. ಒಂದೊಂದಕ್ಕೂ ಅರ ಹಾಕುತ್ತ ಕೂತರೆ ಮುಗಿಯುವ ಕೆಲಸವಲ್ಲ. ನಾಸ್ಮಿತ್ ಲೇಥಿಗೆ ತಿರುಗುವ ಕಟರ್ ಕಟ್ಟಿ, ನಟ್ಟನ್ನು ವೃತ್ತದ ಆರನೇ ಒಂದು ಭಾಗದಷ್ಟು ತಿರುಗಿಸಿ ನಿಲ್ಲಿಸುವ ಏರ್ಪಾಡು ಮಾಡಿದ. 360 ಅಂಶವನ್ನು 6ರಿಂದ ಭಾಗಿಸಿದರೆ 60. ನಮ್ಮ ಆರನೆಯ ತರಗತಿಯ ಲೆಕ್ಕವೇ!

ಮಾಡ್ಸ್ಲೆ 1831ರಲ್ಲಿ ತೀರಿಕೊಂಡ ಮೇಲೆ ನಾಸ್ಮಿತ್ ಎಡಿನ್‌ಬರೋಗೆ ಮರಳಿ, ಒಂದು ಚಿಕ್ಕ ತಾತ್ಕಾಲಿಕ ಕೋಣೆಯಲ್ಲಿ ಮೊದಲು ಒಂದು ಲೇಥ್ ಮಾಡಿಕೊಂಡ. ಆ ಲೇಥಿನಿಂದ ಇನ್ನೊಂದು ಯಂತ್ರ, ಅದರಿಂದ ಮತ್ತೊಂದು. ಹೀಗೆ ಹತ್ಯಾರುಗಳನ್ನು ಸಿದ್ಧಮಾಡಿಕೊಂಡೇ 1834ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಉದ್ಯೋಗ ಶುರು ಮಾಡಿದ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಒರಟು ಯಂತ್ರದಿಂದ ಅದಕ್ಕಿಂತ ನಿಖರವಾದ ಯಂತ್ರ ಹೇಗೆ ಹುಟ್ಟುತ್ತದೆ? ಸೊಟ್ಟ ಪಟ್ಟಿಯಿಂದ ನೆಟ್ಟನೆಯ ಗೆರೆ ಎಳೆಯಲು ಬರುತ್ತದೆಯೇ?

ಮೂರು ಹಲಗೆಗಳ ಗುಟ್ಟು

ಇದಕ್ಕೆ ಉತ್ತರ ಕೊಟ್ಟವರಲ್ಲಿ ಮುಖ್ಯನಾದವನು ಜೋಸೆಫ್ ವಿಟ್‌ವರ್ತ್. 1803ರಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದ ಈತ ಒಬ್ಬ ಶಾಲಾ ಶಿಕ್ಷಕನ ಮಗ. ಈತನೂ ಮಾಡ್ಸ್ಲೆಯ ಬಳಿ ದುಡಿದವನೇ. ನಿಜವಾದ ಸಮತಲವನ್ನು ಹೇಗೆ ಮಾಡಬೇಕು ಎಂದು 1840ರಲ್ಲಿ ಗ್ಲಾಸ್ಗೋದಲ್ಲಿ ವಿದ್ವಾಂಸರ ಮುಂದೆ ವಿವರಿಸಿದ.

ಎರಡು ಎರಕದ ಕಬ್ಬಿಣದ ಹಲಗೆಗಳಿವೆ ಎನ್ನಿ. ಒಂದರ ಮುಖಕ್ಕೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ತೆಳ್ಳಗೆ ಸವರಿ ಇನ್ನೊಂದರ ಮೇಲೆ ಇಟ್ಟು ತಿಕ್ಕಿದರೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಆ ಜಾಗವನ್ನು ಸ್ಕ್ರೇಪರ್ ಎಂಬ ಚೂಪು ಹತ್ಯಾರದಿಂದ ಕೆರೆಯಬೇಕು. ಮತ್ತೆ ತಿಕ್ಕಬೇಕು, ಮತ್ತೆ ಕೆರೆಯಬೇಕು. ಕೊನೆಗೆ ಎರಡೂ ಹಲಗೆ ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಕೂಡಿದ ಮಾತ್ರಕ್ಕೆ ಅವು ಸಮತಲವೆನ್ನಲು ಬಾರದು. ಒಂದು ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಅವು ಚೆನ್ನಾಗಿಯೇ ಕೂಡುತ್ತವೆ, ಬುಟ್ಟಿಯಲ್ಲಿ ಬುಟ್ಟಿ ಕೂತಂತೆ.

ಈಗ ಮೂರನೆಯ ಹಲಗೆ ತನ್ನಿ. ಮೊದಲನೆಯದು ಉಬ್ಬಿದೆ ಎಂದುಕೊಳ್ಳೋಣ. ಎರಡನೆಯದನ್ನೂ ಮೂರನೆಯದನ್ನೂ ಅದಕ್ಕೇ ಹೊಂದಿಸಿದರೆ ಎರಡೂ ತಗ್ಗಾಗುತ್ತವೆ. ಆ ಎರಡು ತಗ್ಗಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚಿಗೆ ಮಾತ್ರ ತಾಗುತ್ತವೆ, ನಡುವೆ ಸಂದು ಬೀಳುತ್ತದೆ. ಗುಟ್ಟು ರಟ್ಟಾಯಿತು! ಹೀಗೆ ಜೋಡಿ ಬದಲಿಸುತ್ತ, ಹಲಗೆಯನ್ನು ಅಡ್ಡಲಾಗಿಯೂ ತಿರುಗಿಸಿ ನೋಡುತ್ತ ತಿದ್ದಿದರೆ ಮೂರೂ ಒಂದಕ್ಕೊಂದು ಕೂಡುವುದು ಮೂರೂ ಸಮತಲವಾದಾಗ ಮಾತ್ರ. ಹೊರಗಿನ ಯಾವ ಅಳತೆಪಟ್ಟಿಯೂ ಬೇಕಿಲ್ಲ. ಬರೀ ಹೋಲಿಕೆ ಮತ್ತು ತರ್ಕದಿಂದ ನಿಖರತೆ ಹುಟ್ಟುತ್ತದೆ.

ಬೀಸುವ ಕಲ್ಲನ್ನು ಉಳಿಯಿಂದ ಕಟೆದು ಕೊಡುವವರು ನಮ್ಮ ಊರುಗಳಿಗೂ ಬರುತ್ತಿದ್ದರು. ಅವರು ಕಲ್ಲನ್ನು ಕಟೆಯುತ್ತಿದ್ದುದು ಮುಖ ಒರಟಾಗಲಿ, ಕಾಳು ಸಿಕ್ಕಲಿ ಎಂದು. ಸ್ಕ್ರೇಪರ್ ಹಿಡಿದವನು ಕೆರೆಯುವುದು ಉಬ್ಬು ಇಳಿದು ಮುಖ ಸಮವಾಗಲಿ ಎಂದು. ಉದ್ದೇಶ ಬೇರೆಯಾದರೂ ಎರಡರಲ್ಲೂ ಕಣ್ಣು, ಕೈ, ತಾಳ್ಮೆ ಒಂದೇ. 1851ರ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ವಿಟ್‌ವರ್ತ್ ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸವನ್ನು ತೋರಿಸುವ ಅಳತೆಯ ಯಂತ್ರವನ್ನು ಇಟ್ಟಿದ್ದ. ಅದಕ್ಕೆ ಬುನಾದಿ ಈ ಕೈಯಿಂದ ಕೆರೆದ ಹಲಗೆಗಳೇ.

ಈಗ ಮನೆಯ ಯಂತ್ರಕ್ಕೆ ಬರೋಣ

ಹೊಸ ಯಂತ್ರದ ಮೈತುಂಬ ತುಕ್ಕು ಹಿಡಿಯದಂತೆ ದಪ್ಪ ಗ್ರೀಸ್ ಬಳಿದಿರುತ್ತಾರೆ. ಅದು ಓಡಿಸುವ ಎಣ್ಣೆಯಲ್ಲ, ಸಾಗಾಟದ ಲೇಪ. ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಬೇಕು. ಟೇಬಲ್ಲು ಸರಿಯುವ ಜಾಡುಗಳ ಒಳಗೆ ಎರಕದ ಮರಳು, ಕಬ್ಬಿಣದ ಪುಡಿ ಉಳಿದಿರಬಹುದು. ಬಿಚ್ಚಿ ನೋಡಿ, ಒರೆಸಿ, ಹೊಸ ಎಣ್ಣೆ ಹಾಕಿ ಕೂಡಿಸುವುದು ಒಳ್ಳೆಯದು. ಸೀಮೆಎಣ್ಣೆಯ ಕೆಲಸ ಮಾಡುವಾಗ ಹತ್ತಿರ ಒಲೆ, ಬೀಡಿ ಇರಬಾರದು. ಯಂತ್ರವನ್ನು ಎತ್ತುವಾಗ ಟೇಬಲ್ಲಿನ ಹಿಡಿಕೆಗಳನ್ನು ಹಿಡಿದು ಎತ್ತಬಾರದು, ಸ್ಕ್ರೂ ಬಾಗುತ್ತದೆ.

ಎರಡನೆಯದು ಅದನ್ನು ಕೂಡಿಸುವ ಜಾಗ. ಅಲುಗಾಡುವ ಮೇಜಿನ ಮೇಲೆ ಯಂತ್ರ ನಡುಗುತ್ತದೆ, ನಡುಗಿದರೆ ಜಾಬಿನ ಮೈ ಅಲೆ ಅಲೆಯಾಗುತ್ತದೆ. ಭಾರವಾದ ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಗೌಂಡಿಯ ಮಟ್ಟಗೋಲಿನಿಂದ ಮಟ್ಟ ನೋಡಬೇಕು. ಬಿಗಿಯುವಾಗ ಬುಡ ತಿರುಚಿಕೊಳ್ಳದಂತೆ ಸಂದಿಗೆ ತೆಳುವಾದ ತಗಡು ಕೊಡಬೇಕು. ವಿದ್ಯುತ್ತಿಗೆ ಅರ್ಥಿಂಗ್ ಇರಲೇಬೇಕು.

ಮೂರನೆಯದು ಜಾಡುಗಳ ಬಿಗಿತ. ಟೇಬಲ್ಲು ಸರಿಯುವ ಜಾಡಿನ ಪಕ್ಕದಲ್ಲಿ ಗಿಬ್ ಎಂಬ ಒಂದು ತೆಳುವಾದ ಪಟ್ಟಿ, ಅದನ್ನು ಒತ್ತುವ ಪುಟ್ಟ ಸ್ಕ್ರೂಗಳು ಇರುತ್ತವೆ. ಸಡಿಲವಾದರೆ ಟೇಬಲ್ಲು ಅಲುಗುತ್ತದೆ, ಬಿಗಿಯಾದರೆ ಹಿಡಿಕೆ ತಿರುಗುವುದಿಲ್ಲ. ಒಂದೊಂದೇ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಟೇಬಲ್ಲು ಆಚೆ ತುದಿಯಿಂದ ಈಚೆ ತುದಿಯವರೆಗೆ ಒಂದೇ ಸಮನೆ ಸರಿಯುವಂತೆ ಮಾಡಬೇಕು. ಅಗ್ಗದ ಯಂತ್ರಗಳಲ್ಲಿ ಈ ಪಟ್ಟಿಯ ಮುಖ ಒರಟಾಗಿರುತ್ತದೆ. ಅದಕ್ಕೆ ಬಣ್ಣ ಸವರಿ, ಉಬ್ಬಿದ ಜಾಗ ನೋಡಿ ಕೆರೆದು ತಿದ್ದಿದರೆ ಯಂತ್ರದ ನಡೆಯೇ ಬದಲಾಗುತ್ತದೆ. ಇದು ವಿಟ್‌ವರ್ತ್ ಮಾಡಿದ ಕೆಲಸವೇ, ಗೇಣುದ್ದದ ಪಟ್ಟಿಯ ಮೇಲೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕಟರ್ ಹಿಡಿಯುವ ಸ್ಪಿಂಡಲ್ಲು ಟೇಬಲ್ಲಿಗೆ ಸರಿಯಾಗಿ ಲಂಬವಾಗಿರಬೇಕು, 90 ಅಂಶ. ಇದನ್ನು ನೋಡಲು ಯಂತ್ರ ಬಂದ್ ಮಾಡಿ, ಸ್ಪಿಂಡಲ್ಲಿಗೆ ಒಂದು ಸರಳು ಕಟ್ಟಿ ಅದರ ತುದಿಗೆ ಡಯಲ್ ಗೇಜ್ ಹಾಕುತ್ತಾರೆ. ಕೈಯಿಂದ ಸ್ಪಿಂಡಲ್ಲನ್ನು ತಿರುಗಿಸಿದರೆ ಗೇಜಿನ ಮೂತಿ ಟೇಬಲ್ಲಿನ ಮೇಲೆ ವೃತ್ತ ಹಾಕುತ್ತದೆ. ಎಡ, ಬಲ, ಹಿಂದೆ, ಮುಂದೆ ನಾಲ್ಕೂ ಕಡೆ ಮುಳ್ಳು ಒಂದೇ ಅಂಕಿ ತೋರಿಸಿದರೆ ಲಂಬ ಸರಿಯಿದೆ. 150 ಮಿ.ಮೀ. ವೃತ್ತದಲ್ಲಿ 0.02 ಮಿ.ಮೀ. ಒಳಗೆ ತಂದರೆ ಮನೆಯ ಕೆಲಸಕ್ಕೆ ಉತ್ತಮ. ವ್ಯತ್ಯಾಸ ಅಕ್ಕಪಕ್ಕ ಇದ್ದರೆ ತಲೆಯನ್ನು ತಿರುಗಿಸಿ ಬಿಗಿಯಬೇಕು. ಹಿಂದೆ ಮುಂದೆ ಇದ್ದರೆ ಕಂಬದ ಬುಡಕ್ಕೆ ತೆಳುವಾದ ಹಿತ್ತಾಳೆ ತಗಡಿನ ಚೂರು ಕೊಡಬೇಕು. ಆಮೇಲೆ ಜಾಬ್ ಹಿಡಿಯುವ ವೈಸನ್ನು ಕೂಡಿಸಿ, ಅದರ ದವಡೆ ಟೇಬಲ್ಲಿನ ಚಲನೆಗೆ ಸಮಾಂತರವಾಗಿದೆಯೇ ಎಂದು ಅದೇ ಗೇಜಿನಿಂದ ನೋಡಬೇಕು. ಲಂಬ, ಸಮಾಂತರ, ಸಮತಲ ಎಂದು ನಾವು ಕರಿಹಲಗೆಯ ಮೇಲೆ ಬರೆಸುವ ಪದಗಳು ಇಲ್ಲಿ ಕೈಗೆ ತಾಗುತ್ತವೆ.

ಐದನೆಯದು ಹಿಡಿಕೆಯ ಡಯಲ್ಲು. ಒಂದು ಸುತ್ತಿಗೆ ಟೇಬಲ್ಲು 2 ಮಿ.ಮೀ. ಸರಿಯುತ್ತದೆ, ಡಯಲ್ಲಿನಲ್ಲಿ 100 ಗೆರೆಗಳಿವೆ ಎಂದರೆ ಒಂದು ಗೆರೆಗೆ 0.02 ಮಿ.ಮೀ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ! ಸ್ಕ್ರೂವಿಗೂ ನಟ್ಟಿಗೂ ನಡುವೆ ಸ್ವಲ್ಪ ಸಂದು ಇರುವುದರಿಂದ ದಿಕ್ಕು ಬದಲಿಸಿದಾಗ ಹಿಡಿಕೆ ತಿರುಗಿದರೂ ಟೇಬಲ್ಲು ಸ್ವಲ್ಪ ಹೊತ್ತು ಸರಿಯುವುದಿಲ್ಲ. ಆದ್ದರಿಂದ ಯಾವಾಗಲೂ ಒಂದೇ ದಿಕ್ಕಿನಿಂದ ಗೆರೆಗೆ ಬರಬೇಕು. ಇದೇ ಕಾರಣಕ್ಕೆ ಜಾಬನ್ನು ಕಟರ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸಬೇಕು. ಅದೇ ದಿಕ್ಕಿಗೆ ಸರಿಸಿದರೆ ಆ ಸಂದಿನಷ್ಟು ಟೇಬಲ್ಲನ್ನು ಕಟರ್ ತಾನೇ ಜಗ್ಗಿಕೊಂಡು ಹಲ್ಲು ಮುರಿಯಬಹುದು. ಸ್ಕ್ರೂವನ್ನೇ ಅಳತೆಗೋಲು ಮಾಡಿಕೊಂಡವರಲ್ಲಿ ಮಾಡ್ಸ್ಲೆಯೂ ಒಬ್ಬ. ಆತ ಸ್ಕ್ರೂವಿನಿಂದ ಅಳೆಯುವ ಒಂದು ಮೈಕ್ರೋಮೀಟರ್ ಮಾಡಿ ಅದಕ್ಕೆ "ಲಾರ್ಡ್ ಚಾನ್ಸಲರ್" ಎಂದು ದೊಡ್ಡ ನ್ಯಾಯಾಧೀಶನ ಹೆಸರಿಟ್ಟಿದ್ದ. ಕಾರಖಾನೆಯಲ್ಲಿ ಅಳತೆಯ ತಂಟೆ ಬಂದರೆ ಅದರ ತೀರ್ಪೇ ಕೊನೆ.

ಸುರಕ್ಷತೆಯ ಮಾತು ಬಿಡುವಂತಿಲ್ಲ. ಕಣ್ಣಿಗೆ ಕನ್ನಡಕ ಬೇಕು. ತಿರುಗುವ ಕಟರ್ ಹತ್ತಿರ ಕೈಚೀಲ, ಟವೆಲು, ಜೋತು ಬಿದ್ದ ತೋಳು ಇರಬಾರದು. ಚೂರುಗಳನ್ನು ಯಂತ್ರ ನಿಲ್ಲಿಸಿ ಬ್ರಷ್ಷಿನಿಂದ ತೆಗೆಯಬೇಕು, ಬೆರಳಿನಿಂದ ಅಲ್ಲ.

ಸುಧಾರಣೆ ಎಂಬುದು ಹಳೆಯ ಪದ್ಧತಿ

ಯಂತ್ರ ಕೂಡಿಸಿದ ಮೇಲೆ ಸುಧಾರಿಸುವ ಕೆಲಸ ಶುರು. ಪ್ಲಾಸ್ಟಿಕ್ ಹಲ್ಲುಚಕ್ರ ಇರುವ ಪುಟ್ಟ ಯಂತ್ರಗಳಿಗೆ ಅದರ ಬದಲು ಬೆಲ್ಟ್ ಹಾಕಿಕೊಳ್ಳುತ್ತಾರೆ. ಸದ್ದು ಕಡಿಮೆಯಾಗುತ್ತದೆ, ಕಟರ್ ಸಿಕ್ಕಿಕೊಂಡರೆ ಹಲ್ಲು ಮುರಿಯುವುದಿಲ್ಲ. ಟೇಬಲ್ಲಿಗೆ ಅಂಕಿ ತೋರಿಸುವ ಡಿಜಿಟಲ್ ಪಟ್ಟಿ ಕೂಡಿಸುತ್ತಾರೆ. ನಡುಕ ಕಡಿಮೆಯಾಗಲು ಪೊಳ್ಳು ಕಂಬದ ಒಳಗೆ ಕಾಂಕ್ರೀಟಿನಂಥ ಭಾರ ತುಂಬುವವರೂ ಇದ್ದಾರೆ.

ದೊಡ್ಡ ಕಂಪನಿಗಳ ಚರಿತ್ರೆಯೂ ಇದೇ ದಾರಿಯದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂದೂಕು ತಯಾರಿಸುವ ಪ್ರಾವಿಡೆನ್ಸ್ ಟೂಲ್ ಕಂಪನಿಯಲ್ಲಿ ಡ್ರಿಲ್ಲಿನ ಸುರುಳಿ ಗಾಡಿಗಳನ್ನು ಅರದಿಂದ ಕೈಯಲ್ಲೇ ತೋಡುತ್ತಿದ್ದರು. ಅಲ್ಲಿನ ಫ್ರೆಡ್ರಿಕ್ ಹೋವ್ ಈ ತೊಂದರೆಯನ್ನು ಜೋಸೆಫ್ ಬ್ರೌನ್‌ಗೆ ಹೇಳಿದ. ಟೇಬಲ್ಲು ಸರಿಯುವಾಗ ಜಾಬೂ ಮೆಲ್ಲಗೆ ತಿರುಗುವ ಯುನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ಬ್ರೌನ್ ಮಾಡಿದ. ಮೊದಲ ಯಂತ್ರ 1862ರಲ್ಲಿ ಮಾರಾಟವಾಯಿತು.

ಇನ್ನೊಂದು ಉದಾಹರಣೆ. ಸ್ವೀಡನ್ನಿನಿಂದ ಅಮೆರಿಕಕ್ಕೆ ವಲಸೆ ಹೋದ ರುಡಾಲ್ಫ್ ಬ್ಯಾನೋ, ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಎಂಬ ಇಬ್ಬರು ಬ್ರಿಜ್‌ಪೋರ್ಟ್ ಊರಿನಲ್ಲಿ ಮೊದಲು ಮಾಡಿದ್ದು ಪೂರ್ತಿ ಯಂತ್ರವನ್ನಲ್ಲ, ಬೇರೆಯವರ ಯಂತ್ರಕ್ಕೆ ಕೂಡಿಸುವ ಒಂದು ಮಿಲ್ಲಿಂಗ್ ತಲೆಯನ್ನು. ಆಮೇಲೆ ಆ ತಲೆಗೆ ತಕ್ಕ ಮೈಯನ್ನೂ ಮಾಡಿದರು. 1938ರಲ್ಲಿ ಮಾರಾಟಕ್ಕೆ ಬಂದ ಆ ಯಂತ್ರ ಜಗತ್ತಿನ ತುಂಬ ಹರಡಿತು. ಕಟರನ್ನು ಹಿಡಿಯಲು ಅವರು ಮಾಡಿದ ಆರ್-8 ಎಂಬ ಇಳಿಜಾರು ತೂತಿನ ಅಳತೆ ಇಂದಿನ ಅನೇಕ ಪುಟ್ಟ ಯಂತ್ರಗಳ ಸ್ಪಿಂಡಲ್ಲಿನಲ್ಲೂ ಇದೆ.

ನಮ್ಮ ಗಡಿಯ ಮಾತು

ಈ ಕಥೆಗೆ ನಮ್ಮ ನೆಲದ ನಂಟೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದರು. ನಮ್ಮ ವೃತ್ತಿಯವರೇ! ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭವಾದ ಅವರ ಉದ್ಯೋಗ ಕಬ್ಬಿಣದ ನೇಗಿಲಿನವರೆಗೆ ಬೆಳೆಯಿತು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಅಂಜಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಬಹಳ ಕಾಲ ಹಿಡಿಯಿತು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ಆಸರೆ ಕೊಟ್ಟರು. 1910ರಲ್ಲಿ ಕುಂಡಲ್ ರೋಡ್ ಸ್ಟೇಶನ್ ಹತ್ತಿರ, ಪಾಪಾಸುಕಳ್ಳಿ ಬೆಳೆದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅದು ಇರುವುದು ನಮ್ಮ ಸಾಂಗಲಿ ಜಿಲ್ಲೆಯಲ್ಲೇ. ಅದೇ ಮನೆತನದ ಉದ್ಯಮ 1941ರಲ್ಲಿ ಹರಿಹರದಲ್ಲಿ ಲೇಥ್ ಕಾರಖಾನೆ ಕಟ್ಟಿತು. ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ., 1961ರಲ್ಲಿ ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾದ ಭಾರತ್ ಫ್ರಿಟ್ಜ್ ವರ್ನರ್ ಬಂದವು. ಗಡಿ ಯಾವ ಕಡೆ ಬಿದ್ದರೂ ಕೈಕೆಲಸದ ಜ್ಞಾನ ಎರಡೂ ಕಡೆ ಓಡಾಡಿದೆ.

ನಮ್ಮ ಕನ್ನಡ ಶಾಲೆಯಿಂದ ಹೊರಬಿದ್ದ ಮಕ್ಕಳಲ್ಲಿ ಹಲವರು ಐ.ಟಿ.ಐ. ಸೇರುತ್ತಾರೆ. ಅಲ್ಲಿ ಪಾಠ ಮರಾಠಿ, ಇಂಗ್ಲಿಷ್ ಭಾಷೆಯಲ್ಲಿ. ಮೊದಲ ತಿಂಗಳು ಪದಗಳಿಗೇ ಹೆದರುತ್ತಾರೆ. ಊರಿನವರೋ "ಓದು ಹತ್ತಲಿಲ್ಲ, ಕೈಕೆಲಸಕ್ಕೆ ಹೋದ" ಎಂದು ಅನ್ನುತ್ತಾರೆ. ಮೂರು ಹಲಗೆಗಳ ತರ್ಕ ತಿಳಿದವನಿಗೆ ಓದು ಹತ್ತಲಿಲ್ಲ ಎನ್ನಲಾದೀತೇ? ಗಿಬ್ ಎಂಬ ಪದ ಹೊಸದಾದರೂ ಸಮತಲ, ಲಂಬ, ಸಮಾಂತರ ಎಂಬ ಅರ್ಥಗಳನ್ನು ಆ ಮಗು ಕನ್ನಡದಲ್ಲಿ ಕಲಿತೇ ಹೋಗಿರುತ್ತದೆ. ಅರ್ಥ ಗಟ್ಟಿಯಾಗಿದ್ದರೆ ಪದ ಎರಡು ದಿನದಲ್ಲಿ ಬರುತ್ತದೆ.

ಅದಕ್ಕಾಗಿ ಶಾಲೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಹೇಳಿ ಮುಗಿಸುತ್ತೇವೆ. ಅಂಗೈಯಗಲದ, ಮೈ ಒರಟಾದ ಮೂರು ಶಹಾಬಾದ್ ಫರಸಿಯ ಚೂರು ತನ್ನಿ. 1, 2, 3 ಎಂದು ಬರೆಯಿರಿ. ನಡುವೆ ನುಣ್ಣನೆಯ ಮರಳು, ನೀರು ಹಾಕಿ 1ನ್ನು 2ರ ಮೇಲೆ, 2ನ್ನು 3ರ ಮೇಲೆ, 3ನ್ನು 1ರ ಮೇಲೆ ಸರದಿಯಂತೆ, ತಿರುಗಿಸುತ್ತ ತಿಕ್ಕಿಸಿರಿ. ಇನ್ನೊಂದು ಗುಂಪಿಗೆ ಎರಡೇ ಚೂರು ಕೊಟ್ಟು, ಯಾವಾಗಲೂ ಒಂದನ್ನೇ ಮೇಲಿಟ್ಟು ತಿಕ್ಕಲು ಹೇಳಿರಿ. ಒಂದು ದಿನದ ಕೆಲಸವಲ್ಲ, ಒಂದು ವಾರ ಬೇಕಾದೀತು. ಕೊನೆಗೆ ಸ್ಟೀಲ್ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಲಿ. ಎರಡು ಚೂರಿನ ಗುಂಪಿನಲ್ಲಿ ಮೇಲಿನ ಕಲ್ಲು ತಗ್ಗಿ, ಕೆಳಗಿನದು ಉಬ್ಬಿರುತ್ತದೆ. ಮೂರು ಚೂರಿನ ಗುಂಪಿನ ಕಲ್ಲುಗಳು ಸಮತಲಕ್ಕೆ ಹತ್ತಿರ ಬಂದಿರುತ್ತವೆ. ಕಾರಣ ಏನೆಂದು ಮಕ್ಕಳೇ ಹೇಳಲಿ, ನಾವು ಸುಮ್ಮನೆ ಕೇಳೋಣ.